ವೆಟ್ ಮತ್ತು ಡ್ಯಾಂಪ್ ನಡುವೆ ನನ್ನ ನಾಲಿಗೆ

ನಾನು ನಿವೃತ್ತನಾದಾಗ ನನಗೆ ಹದಿನೆಂಟು ತುಂಬಿರಲಿಲ್ಲ. ಇಷ್ಟು ಬೇಗ ನಿವೃತ್ತರಾದವರು ಮದರಾಸಿನಲ್ಲಿ ಬೇರೆ ಯಾರಾದರೂ ಇದ್ದರೆ ಮುಂದೆ ಬರಲಿ, ಕೈ ಕುಲುಕುತ್ತೇನೆ. ಸಾಮಾನ್ಯವಾಗಿ ನಿವೃತ್ತರು ಅನುಭವ ಬರೆಯಲು ಕೂರುವ ಹೊತ್ತಿಗೆ ತಲೆಯಲ್ಲಿ ಕೂದಲಿರುವುದಿಲ್ಲ, ಬಾಯಲ್ಲಿ ಹಲ್ಲಿರುವುದಿಲ್ಲ, ನೆನಪು ಹೆಂಡತಿಯ ವಶದಲ್ಲಿರುತ್ತದೆ. ನನಗೆ ಕೂದಲು, ಹಲ್ಲು, ನೆನಪು ಮೂರೂ ಸ್ವಂತದ್ದು. ಹಾಗಾಗಿ ಇಲ್ಲಿ ಬರೆದದ್ದನ್ನು ಧಾರಾಳವಾಗಿ ನಂಬಬಹುದು. ಅಲ್ಲಲ್ಲಿ ಸ್ವಲ್ಪ ಎಳೆದಿರುತ್ತೇನೆ. ಎಳೆದರೆ ದೋಸೆಯೂ ಚೆನ್ನಾಗಿರುತ್ತದೆ.

ನನ್ನ ಚಿಕ್ಕಪ್ಪನ ಮಗ ಗೋಪಿ ಸೋಮವಾರದಿಂದ ನನ್ನ ಸ್ಟೂಲಿನ ಮೇಲೆ ಕೂರಲಿದ್ದಾನೆ. ಅವನಿಗೂ, ಅವನ ಹಾಗೆ ಎಸ್ಸೆಲ್ಸಿ ಮುಗಿಸಿ ಮುಂದಿನ ದಾರಿ ತಿಳಿಯದೆ ಪ್ಯಾರೀಸ್ ಕಾರ್ನರಿನ ಮೆಟ್ಟಿಲು ಹತ್ತುವ ನಮ್ಮ ಹುಡುಗರಿಗೂ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಚಾರ ಬರೆಯುವುದಿಲ್ಲ. ಸ್ಟೂಲಿನಿಂದ ಕುರ್ಚಿಗೆ ಬಡ್ತಿ ಸಿಗಬಹುದಿತ್ತು. ಆದರೆ ಆಫೀಸಿನಲ್ಲಿದ್ದದ್ದು ಒಂದೇ ಕುರ್ಚಿ, ಅದರಲ್ಲಿ ಗುರುರಾಜರಾಯರು ಇದ್ದರು.

ರಾಯರು ಸರ್ವೇಯರು. ಜಮೀನು ಅಳೆಯುವ ಸರ್ವೇಯರಲ್ಲ. ಬಂದರಿಗೆ ಬಂದ ಮಾಲು ಕೆಟ್ಟರೆ, ಹೇಗೆ ಕೆಟ್ಟಿತು ಅಂತ ನೋಡಿ ಸರ್ಟಿಫಿಕೇಟ್ ಬರೆದುಕೊಡುವ ಸರ್ವೇಯರು. ಹಡಗಿನವರು ಗೋಡೌನಿನವರನ್ನು ಬೈಯುತ್ತಾರೆ, ಗೋಡೌನಿನವರು ಲಾರಿಯವರನ್ನು ಬೈಯುತ್ತಾರೆ, ಲಾರಿಯವರು ಮಳೆಯನ್ನು ಬೈಯುತ್ತಾರೆ. ಎಲ್ಲರೂ ಬೈದು ಸುಸ್ತಾದ ಮೇಲೆ ರಾಯರು ಒಂದು ಪದ ಬರೆಯುತ್ತಾರೆ. ಆ ಪದದಿಂದ ಒಬ್ಬನ ಮನೆ ಉಳಿಯುತ್ತದೆ, ಇನ್ನೊಬ್ಬನ ಮುಖ ಬಾಡುತ್ತದೆ.

ಕೆಲಸಕ್ಕೆ ಸೇರುವ ದಿನ ರಾಯರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಏನಪ್ಪಾ ಪಾಂಡುರಂಗ, ವೆಟ್ಟಿಗೂ ಡ್ಯಾಂಪಿಗೂ ಏನು ವ್ಯತ್ಯಾಸ?"

ನಾನು ಶಾಲೆಯಲ್ಲಿ ಇಂಗ್ಲಿಷಿಗೆ ಬಹುಮಾನ ಹೊಡೆದವನು. ಎದೆ ಉಬ್ಬಿಸಿ, "ಎರಡೂ ಒಂದೇ ಸರ್. ವೆಟ್ ಅನ್ನೋದು ಬಡವರಿಗೆ, ಡ್ಯಾಂಪ್ ಅನ್ನೋದು ದೊರೆಗಳಿಗೆ," ಅಂದೆ.

ರಾಯರು ನಗಲಿಲ್ಲ. ಅವರು ನಕ್ಕದ್ದನ್ನು ನೋಡಿದವರು ಯಾರೂ ಬದುಕಿಲ್ಲ ಅಂತ ಕೆಳಗಿನ ಕಾಫಿ ಕ್ಲಬ್ಬಿನವರು ಹೇಳುತ್ತಿದ್ದರು. "ನೀರು ಬಂದು ಬಿದ್ರೆ ವೆಟ್. ಗಾಳಿಯಲ್ಲಿದ್ದ ನೀರು ತಾನಾಗಿ ಕೂತ್ರೆ ಡ್ಯಾಂಪ್. ಬಿದ್ದ ನೀರಿಗೆ ಯಾರೋ ಒಬ್ಬ ಜವಾಬ್ದಾರ ಇರ್ತಾನೆ. ಕೂತ ನೀರಿಗೆ ಬೇರೆ ಲೆಕ್ಕ. ತಿಳೀತಾ? ನಾಳೆ ಬಾ. ನಾಲಿಗೆ ತೊಳಕೊಂಡು ಬಾ."

ಕೈ ತೊಳೆದುಕೊಂಡು ಬಾ ಅನ್ನುವುದು ಕೇಳಿದ್ದೇನೆ. ನಾಲಿಗೆ ಯಾಕೆ ಅಂತ ಮರುದಿನ ತಿಳಿಯಿತು.

ನೆನೆದ ಮೂಟೆ ಕಂಡರೆ ಮೊದಲು ನೋಡಬೇಕಾದದ್ದು ಅದು ಸಮುದ್ರದ ನೀರೋ ಸಿಹಿ ನೀರೋ ಎಂಬುದು. ಆಗಿನ ಪದ್ಧತಿಯಲ್ಲಿ ಅದಕ್ಕೆ ಇದ್ದ ಯಂತ್ರ ನಾಲಿಗೆ. ಗೋಣಿಯ ಮೂಲೆ ನೆಕ್ಕಬೇಕು. ಉಪ್ಪಿದ್ದರೆ ಸಮುದ್ರ, ಇಲ್ಲದಿದ್ದರೆ ಬೇರೆ. ರಾಯರಿಗೆ ಮೂವತ್ತು ವರ್ಷದ ಅನುಭವ ಇತ್ತು, ಕಣ್ಣಿತ್ತು, ಮೂಗಿತ್ತು. ಆದರೆ ಅವರ ನಾಲಿಗೆ ಉಪನಯನವಾದ ದಿನದಿಂದ ಮಡಿಯಲ್ಲಿತ್ತು. ಹೊರಗೆ ಹನಿ ನೀರು ಕುಡಿಯದ ಮನುಷ್ಯ ಗೋಣಿ ನೆಕ್ಕುತ್ತಾರೆಯೇ? ಹಾಗಾಗಿ ಒಂದು ನಾಲಿಗೆಯನ್ನು ಸಂಬಳಕ್ಕೆ ಇಟ್ಟುಕೊಂಡಿದ್ದರು. ಆ ನಾಲಿಗೆಯ ಹಿಂದೆ ನಾನಿದ್ದೆ.

ನನ್ನ ಮೊದಲ ಮೂಟೆ ಒಣಮೆಣಸಿನಕಾಯಿಯದು. ಅದರಲ್ಲಿ ಏನಿದೆ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಶ್ರದ್ಧೆಯಿಂದ ನೆಕ್ಕಿದೆ. ಆಮೇಲೆ ಬೀಚ್ ಸ್ಟೇಷನ್ನಿನವರೆಗೆ ಓಡಿದೆ ಅಂತ ಜನ ಹೇಳುತ್ತಾರೆ, ನನಗೆ ನೆನಪಿಲ್ಲ. ಹಿಂದಿರುಗಿ ಬಂದಾಗ ರಾಯರು ಪೆನ್ನು ಹಿಡಿದು ಅದೇ ಜಾಗದಲ್ಲಿ ನಿಂತಿದ್ದರು.

"ಉಪ್ಪಿತ್ತಾ?"

"ಕಣ್ಣೀರಿನ ಉಪ್ಪು ಸೇರಿಸಿ ಹೇಳಲಾ, ಬಿಟ್ಟು ಹೇಳಲಾ ಸರ್?"

ಮನೆಯಲ್ಲಿ ಇದು ಗೊತ್ತಾಗುವ ಹಾಗಿರಲಿಲ್ಲ. ತಿರುವಲ್ಲಿಕ್ಕೇಣಿಯ ನಮ್ಮ ಮನೆಯಲ್ಲಿ ಅಜ್ಜಿಯ ಆಡಳಿತ. ಬೀದಿಯಿಂದ ಬಂದವನು ಕಾಲು ತೊಳೆಯದೆ ನಡುಮನೆ ದಾಟುವ ಹಾಗಿಲ್ಲ. ಅಂಥ ಮನೆಯ ಮೊಮ್ಮಗ ಹಾರ್ಬರಿನಲ್ಲಿ ಕರುವಾಡಿನ, ಅಂದರೆ ಒಣಮೀನಿನ, ಚೀಲದ ಪಕ್ಕದಲ್ಲಿದ್ದ ಮೂಟೆ ನೆಕ್ಕುತ್ತಾನೆ ಅಂದರೆ ನನ್ನ ಜೊತೆ ಬೀದಿಯನ್ನೂ ಗೋಮೂತ್ರ ಹಾಕಿ ತೊಳೆಸುತ್ತಿದ್ದರು.

"ಆಫೀಸಲ್ಲಿ ಏನೋ ಕೆಲಸ ನಿಂದು?" ಅಂತ ಅಜ್ಜಿ ಕೇಳಿದಾಗ, "ರುಚಿ ನೋಡೋದು ಅಜ್ಜಿ," ಅಂದೆ. ಸುಳ್ಳಲ್ಲ. ನಾನು ಕಾಫಿ ಪುಡಿ ಕಂಪನಿಯಲ್ಲಿದ್ದೇನೆ ಅಂತ ಅವರು ಬೀದಿಗೆಲ್ಲ ಹೇಳಿಕೊಂಡು ಬಂದರು. ಪಕ್ಕದ ಮನೆಯ ಮಾಮಿ ತಮ್ಮ ಡಿಕಾಕ್ಷನ್ ತಂದು ನನ್ನ ಅಭಿಪ್ರಾಯ ಕೇಳಿದರು. ಕೊಟ್ಟೆ. ಕುಡಿದು, ಕಣ್ಣು ಮುಚ್ಚಿ, "ಸಮುದ್ರದ ನೀರಲ್ಲ," ಅಂದೆ.

ಕೆಲವು ತಿಂಗಳ ಮೇಲೆ ಪದ್ಧತಿ ಬದಲಾಯಿತು. ರಾಯರು ಕಂದು ಬಣ್ಣದ ಒಂದು ಸಣ್ಣ ಬಾಟಲಿ ತಂದರು. ಸಿಲ್ವರ್ ನೈಟ್ರೇಟ್. ಒದ್ದೆಯಾದ ಜಾಗಕ್ಕೆ ಒಂದು ಹನಿ ಬಿಟ್ಟರೆ, ಉಪ್ಪಿದ್ದಲ್ಲಿ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ನನ್ನ ನಾಲಿಗೆಗೆ ಕೆಲಸ ಹೋಯಿತು. ಯಂತ್ರ ಬಂದು ಕಾರ್ಮಿಕನ ಹೊಟ್ಟೆಗೆ ಹೊಡೆಯಿತು ಅಂತ ಭಾಷಣಗಳಲ್ಲಿ ಕೇಳಿದ್ದೆ, ನನ್ನ ವಿಷಯದಲ್ಲಿ ಹೊಟ್ಟೆ ಉಳಿಯಿತು. ಆದರೆ ಆ ಹನಿ ಬೆರಳಿಗೆ ತಾಗಿದರೆ ಬಿಸಿಲಿಗೆ ಕಪ್ಪಾಗುತ್ತದೆ, ಏನು ಉಜ್ಜಿದರೂ ಹೋಗುವುದಿಲ್ಲ. ಅಜ್ಜಿ ನನ್ನ ಬೆರಳು ನೋಡಿ, "ಕಾಫಿ ಇಷ್ಟು ಹುರೀಬಾರದು ಅಂತ ನಿಮ್ಮ ಯಜಮಾನರಿಗೆ ಹೇಳು," ಅಂದರು.

ಎಡವಟ್ಟಿನ ವಿಷಯಕ್ಕೆ ಬರೋಣ. ಎಡವಟ್ಟಿಲ್ಲದ ಅನುಭವ ಕಥನ ಒಗ್ಗರಣೆಯಿಲ್ಲದ ಸಾರು.

ಒಂದು ಸಲ ರೈಲಿನಲ್ಲಿ ಬಂದ ಹೆಸರುಕಾಳಿನ ಮೂಟೆಗಳನ್ನು ನೋಡಿ ಪದ ಹೇಳುವ ಕೆಲಸ ರಾಯರು ನನಗೇ ಬಿಟ್ಟರು. ಮೇಲಿನ ಮೂಟೆ ಮುಟ್ಟಿದೆ, ತಣ್ಣಗಿತ್ತು. ಬಾಟಲಿ ಹನಿಸಿದೆ, ಬೆಳ್ಳಗಾಗಲಿಲ್ಲ. ಗತ್ತಿನಿಂದ, "ಡ್ಯಾಂಪ್," ಅಂದೆ. ಡ್ಯಾಂಪ್ ಅಂದರೆ ಹರಡಿ ಗಾಳಿಗಿಟ್ಟರೆ ಸಾಕು, ಅವಸರವಿಲ್ಲ. ವ್ಯಾಪಾರಿ ಅವಸರ ಮಾಡಲಿಲ್ಲ. ಆಮೇಲೆ ಬಿಚ್ಚಿ ನೋಡಿದರೆ ಕೆಳಗಿನ ಮೂಟೆಗಳಲ್ಲಿ ಕಾಳು ಮೊಳಕೆ ಬಂದು ಗೋಣಿಯ ಸಂದಿಯಿಂದ ಇಣುಕುತ್ತಿತ್ತು. ನಿಂಬೆಹುಳಿ, ಕೊತ್ತಂಬರಿ ಹಾಕಿದ್ದರೆ ಇಡೀ ಜಾರ್ಜ್ ಟೌನಿಗೆ ರಾಮನವಮಿ ಆಗುತ್ತಿತ್ತು. ವ್ಯಾಗನ್ನಿನ ನೆಲದಲ್ಲಿ ಮಳೆನೀರು ನಿಂತಿತ್ತು, ನಾನು ಕೆಳಗೆ ಬಗ್ಗಿ ನೋಡಿರಲಿಲ್ಲ. ಅಂದಿನಿಂದ ಗೋಡೌನುಗಳಲ್ಲಿ ನನ್ನ ಹೆಸರು ಕೋಸಂಬರಿ. "ಯಾರು ಬರ್ತಾರೆ ಇವತ್ತು?" "ರಾಯರು ಬರ್ತಾರೆ, ಕೋಸಂಬರಿನೂ ಬರತ್ತೆ."

ರಾಯರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇನ್ನು ಮೇಲೆ ನೀನು ನೋಡು, ಪದ ನಾನು ಹೇಳ್ತೀನಿ," ಅಂದರು.

ಆ ವರ್ಷ ಐಪ್ಪಸಿ ತಿಂಗಳ ಮಳೆ ಹಿಡಿದು ಬಿಡಲಿಲ್ಲ. ನಮ್ಮ ಮನೆಯಲ್ಲಿ ಅಜ್ಜಿಯ ಮಡಿಸೀರೆ ನಡುಮನೆಯ ಸೂರಿಗೆ ಕಟ್ಟಿದ ಬಿದಿರಿನ ಮೇಲೆ ತೂಗುತ್ತಿತ್ತು. ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಅಜ್ಜಿ ಕೂಡ ಕೋಲಿನಿಂದಲೇ ಎತ್ತಿ ಇಳಿಸುವುದು. ಅದು ಒಣಗಿ, ಅವರು ಉಟ್ಟು, ಅಡಿಗೆ ಮಾಡಿ, ನೈವೇದ್ಯವಾದ ಮೇಲೆ ನಮಗೆ ಊಟ. ಹೀಗಾಗಿ ಆ ಸೀರೆ ಒಣಗುವುದರ ಮೇಲೆ ನನಗಿದ್ದ ಆಸಕ್ತಿ ಅಷ್ಟಿಷ್ಟಲ್ಲ.

"ಒಣಗಿದೆ ಅಜ್ಜಿ," ಅಂದೆ ದೂರದಿಂದ.

"ಮೇಲೆ ನೋಡಿ ಹೇಳ್ಬೇಡ. ತುದಿ ನೋಡು."

"ತುದಿಗೇನಾಗಿದೆ?"

"ಒದ್ದೆ ಕೆಳಗಿಳಿಯತ್ತೆ, ತೇವ ಇದ್ದಲ್ಲೇ ಇರತ್ತೆ. ಮೇಲೆ ತಣ್ಣಗಿದ್ದು ತುದಿ ಹಗುರಾಗಿ ಆಡ್ತಿದ್ರೆ ಅದು ಬರೀ ತೇವ, ಬೆಂಕಿ ಹತ್ರ ಹಿಡಿದ್ರೆ ಹೋಗತ್ತೆ. ತುದಿ ಭಾರವಾಗಿ ನಿಂತಿದ್ರೆ ಒದ್ದೆ. ಈಗ ನಿಂತಿದೆ. ಹೋಗು, ಇನ್ನೊಂದು ಗಂಟೆ ಬಿಟ್ಟು ಬಾ."

ಊಟ ತಡವಾಯಿತು. ಆದರೆ ನನ್ನ ಕೋಸಂಬರಿ ಎಲ್ಲಿ ಹುಟ್ಟಿತು ಅಂತ ಆ ಒಂದು ಗಂಟೆಯಲ್ಲಿ ತಿಳಿಯಿತು. ನಾನು ಮೇಲೆ ನೋಡಿದ್ದೆ, ತುದಿ ನೋಡಿರಲಿಲ್ಲ.

ಅದೇ ಮಳೆಯಲ್ಲಿ ತಿರುವೊಟ್ಟಿಯೂರಿನಿಂದ ಕರೆ ಬಂತು. ಸಮುದ್ರದ ಕಡೆಗೆ ಒಂದು ಗೋಡೌನು, ತುಂಬ ಗೋಧಿ. ಹಡಗಿನಿಂದ ಬಂದದ್ದು. ಮೇಲಿನ ಸಾಲಿನ ಮೂಟೆಗಳು ನೀರಾಡಿವೆ ಅಂತ ದೂರು. ನಾವು ಹೋದದ್ದು ಏಕಾದಶಿಯ ದಿನ. ರಾಯರದು ನಿರ್ಜಲ ಉಪವಾಸ. ನನ್ನದೂ ನಿರ್ಜಲವೇ, ಆದರೆ ಅದು ಅಜ್ಜಿಯ ಕಣ್ಣಳತೆಯವರೆಗೆ ಮಾತ್ರ.

ಗೋಡೌನಿನ ಮ್ಯಾನೇಜರು ಮಾಣಿಕ್ಕಂ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕರ್ಚೀಫು. ಅವನ ಹಿಂದೆ ಕಾವಲುಗಾರ ಮುನುಸ್ವಾಮಿ ತಲೆ ತಗ್ಗಿಸಿ ನಿಂತಿದ್ದ. ಗೋಡೌನಿನ ಹಿಂದೆ ಒಂದು ಕೋಣೆ ಇತ್ತು. ಅದರಲ್ಲಿ ಮುನುಸ್ವಾಮಿ, ಅವನ ಹೆಂಡತಿ, ಮೂರು ಮಕ್ಕಳು. ಕೋಣೆಯ ಬಾಗಿಲಲ್ಲಿ ಪಾತ್ರೆ, ಚಾಪೆ, ಒಂದು ಟ್ರಂಕು ಆಗಲೇ ಹೊರಗೆ ಬಂದು ಕೂತಿದ್ದವು.

"ಇವನು ರಾತ್ರಿ ಕಿಟಕಿ ಮುಚ್ಚಲಿಲ್ಲ ಸರ್," ಅಂದ ಮಾಣಿಕ್ಕಂ, ಇಂಗ್ಲಿಷೂ ತಮಿಳೂ ಬೆರೆಸಿ. "ಮಳೆ ಒಳಗೆ ಬಂದು ಮೂಟೆ ವೆಟ್ ಆಗಿದೆ. ವೆಟ್ ಅಂತ ಬರೆದು ಕೊಡಿ. ಇವನನ್ನ ಇವತ್ತೇ ಕಳಿಸ್ತೀನಿ. ಹೊಸ ಆಳು ಸಾಯಂಕಾಲ ಬರ್ತಾನೆ."

"ಸಾಮಿ, ಜನ್ನಲ್ ನಾನ್ದಾನ್ ಮೂಡಿನೇನ್," ಅಂದ ಮುನುಸ್ವಾಮಿ. ಕಿಟಕಿ ನಾನೇ ಮುಚ್ಚಿದೆ ಅಂತ. "ಮೂಟೆ ಹಡಗಿಂದ ಬಂದಾಗ ಬಿಸಿಯಾಗಿತ್ತು ಸಾಮಿ. ಆರಲಿ ಅಂದೆ. ಇವರೇ ಟಾರ್ಪಾಲು ಹೊದಿಸಿ ಬಿಗಿಯಾಗಿ ಕಟ್ಟು ಅಂದ್ರು."

"ಬಾಯಿ ಮುಚ್ಚು. ಕಿಟಕಿ ಮುಚ್ಚೋಕೆ ಬರಲಿಲ್ಲ, ಬಾಯಾದ್ರೂ ಮುಚ್ಚು."

ಲೆಕ್ಕ ಸ್ಪಷ್ಟ. ಮಳೆಯ ನೀರು ಬಿದ್ದಿದ್ದರೆ ವೆಟ್, ತಪ್ಪು ಮುನುಸ್ವಾಮಿಯದು, ಕೋಣೆ ಖಾಲಿ. ಬಿಸಿ ಗೋಧಿ ಟಾರ್ಪಾಲಿನೊಳಗೆ ಬೆವರಿದ್ದರೆ ಡ್ಯಾಂಪ್, ತಪ್ಪು ಕಟ್ಟಿಸಿದವನದು. ಎರಡರಲ್ಲೂ ಉಪ್ಪಿಲ್ಲ. ನನ್ನ ಜೇಬಿನ ಬಾಟಲಿ ಆ ದಿನ ಬರೀ ಬಾಟಲಿ.

ರಾಯರು ಮುಂದಿನ ಕೋಣೆಯಲ್ಲಿ ಬೆಂಚಿನ ಮೇಲೆ ಕೂತರು. ಏಕಾದಶಿಯ ದಿನ ಅವರು ಧಾನ್ಯ ಮುಟ್ಟುವುದಿಲ್ಲ, ಧಾನ್ಯದ ಗೋಡೌನಿನೊಳಗೆ ಕಾಲಿಡುವುದೂ ಅಪರೂಪ. "ನೀನು ಹೋಗಿ ನೋಡು. ಏನು ಕಂಡೆ ಅಂತ ಹೇಳು. ಪದ ಹೇಳಬೇಡ," ಅಂದರು.

ಒಳಗೆ ಹೋದೆ. ಮೇಲಿನ ಸಾಲಿನ ಮೂಟೆಗಳು ನಿಜಕ್ಕೂ ತಣ್ಣಗಿದ್ದವು, ಬೆರಳಿಗೆ ನೀರು ತಾಗಿತು. ಮಾಣಿಕ್ಕಂ ಪಕ್ಕದಲ್ಲೇ ನಿಂತು, "ವೆಟ್ ತಾನೇ?" ಅಂದ. ಸಾಮಾನ್ಯ ದಿನವಾಗಿದ್ದರೆ ನಾನು ಅಲ್ಲೇ ತೀರ್ಪು ಕೊಟ್ಟು, ಎರಡು ಇಂಗ್ಲಿಷ್ ವಾಕ್ಯ ಎಸೆದು ಬರುತ್ತಿದ್ದೆ. ಆದರೆ ಕಣ್ಣ ಮುಂದೆ ಬಿದಿರಿನ ಮೇಲೆ ತೂಗುವ ಸೀರೆ ಬಂತು. ಕಿಟಕಿಯ ಪಕ್ಕಕ್ಕೆ ಹೋಗಿ ನೆಲದ ಮೇಲೆ ಉದ್ದಕ್ಕೆ ಮಲಗಿದೆ. ಮೂಟೆಗಳನ್ನು ಹಲಗೆಗಳ ಮೇಲೆ ಜೋಡಿಸಿದ್ದರು. ಹಲಗೆಯ ಸಂದಿಯಲ್ಲಿ ತೋಳು ತೂರಿಸಿದೆ. ಒಂದು ಇಲಿ ನನ್ನ ಕೈಯನ್ನು ಮೂಸಿ, ಬೆರಳಿನ ಕಪ್ಪು ನೋಡಿ ಬಂಧುವಲ್ಲ ಅಂತ ತೀರ್ಮಾನಿಸಿ ಹೋಯಿತು. ಅಡಿಯ ಮೂಟೆಯ ತಳ ಮುಟ್ಟಿದೆ. ಒಣ ಗೋಣಿ. ಗರಗರ ಅನ್ನುವಷ್ಟು ಒಣ. ಇನ್ನೊಂದು ಮೂಟೆ, ಮತ್ತೊಂದು. ಅವೂ ಒಣ.

ಎದ್ದು ಓಡಿಬಂದು, "ಮೇಲೆ ತಣ್ಣಗಿದೆ ಸರ್, ಕೆಳಗೆ ಎಲ್ಲಾ ಒಣಗಿದೆ," ಅಂದೆ. ಪದ ಹೇಳಬೇಡ ಅಂದಿದ್ದರು. ತಡೆಯಲಾಗಲಿಲ್ಲ. "ಒದ್ದೆ ಕೆಳಗಿಳಿಯತ್ತೆ, ತೇವ ಇದ್ದಲ್ಲೇ ಇರತ್ತೆ. ಡ್ಯಾಂಪ್ ಸರ್."

"ಯಾರು ಹೇಳಿದ್ದು ಇದನ್ನ?"

"ನಮ್ಮಜ್ಜಿ."

"ಹಾಗಾದ್ರೆ ಸರಿಯಾಗೇ ಇರತ್ತೆ," ಅಂದರು ರಾಯರು. ಪೆನ್ನು ತೆಗೆಯಲಿಲ್ಲ.

ಮಾಣಿಕ್ಕಂ ಗಟ್ಟಿಯಾಗಿ ನಕ್ಕ. "ಸರ್, ಈ ಕೋಸಂಬರಿ ಮಾತು ಕೇಳಿ ಬರೀತೀರಾ? ಹೆಸರುಕಾಳಿಗೆ ಡ್ಯಾಂಪ್ ಅಂದು ತೋಟ ಬೆಳೆಸಿದ ಪೈಯನ್ ಇವನು. ನೀವು ನೋಡಿ ಹೇಳಿ, ಒಪ್ತೀನಿ. ಇಲ್ಲ ಅಂದ್ರೆ ನಾಳೆ ಬನ್ನಿ. ಆದ್ರೆ ಆಳು ಇವತ್ತೇ ಹೋಗ್ತಾನೆ."

ಅವನು ರಾಯರ ಹಣೆಯಲ್ಲಿ ಅಕ್ಷತೆಯಿಲ್ಲದ ಬರೀ ಅಂಗಾರದ ಗೆರೆ ನೋಡಿದ್ದ. ಏಕಾದಶಿ ಅಂತ ಅವನಿಗೂ ಗೊತ್ತಿತ್ತು. ಇವತ್ತು ಇವರು ಮೂಟೆ ಮುಟ್ಟುವುದಿಲ್ಲ ಅನ್ನುವ ಧೈರ್ಯದ ಮೇಲೆ ನಿಂತು ಮಾತಾಡುತ್ತಿದ್ದ. ನಾನು ಹೇಳಿದ್ದು ನಿಜವಾಗಿದ್ದರೂ ನನ್ನ ಮಾತಿಗೆ ತೂಕ ಇರಲಿಲ್ಲ. ಅದಕ್ಕೆ ಮೊಳಕೆ ಬಂದಿತ್ತು.

ಹೊರಗೆ ಮುನುಸ್ವಾಮಿಯ ಹೆಂಡತಿ ಟ್ರಂಕಿಗೆ ಹಗ್ಗ ಕಟ್ಟುತ್ತಿದ್ದಳು. ಹಗ್ಗ ಎಳೆದು ಬಿಗಿಸುವ ಸದ್ದು ಒಳಗೆ ಕೇಳುತ್ತಿತ್ತು.

ರಾಯರು ಎದ್ದರು. ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು. ಶಲ್ಯ ಸೊಂಟಕ್ಕೆ ಬಿಗಿದರು, ಪಂಚೆಯ ಕಚ್ಚೆ ಮೇಲೆತ್ತಿ ಕಟ್ಟಿದರು. ಗೋಡೌನಿನೊಳಗೆ ನಡೆದರು. ನಾನು ಹಿಂದೆ ಓಡಿದೆ.

"ರಾಯರೇ, ಏಕಾದಶಿ. ಧಾನ್ಯ..."

"ಮುಟ್ಟಿದ್ದು ಸ್ನಾನ ಮಾಡಿದ್ರೆ ಹೋಗತ್ತಪ್ಪ. ಬರೆದದ್ದು ಹೋಗಲ್ಲ."

ಅರವತ್ತು ಹತ್ತಿರವಾದ ಮನುಷ್ಯ, ಹಿಂದಿನ ದಿನದಿಂದ ಹನಿ ನೀರು ಕುಡಿಯದವರು, ಇಲಿ ಓಡಾಡಿದ ನೆಲದ ಮೇಲೆ ಬೋರಲು ಮಲಗಿ ಹಲಗೆಯ ಸಂದಿಗೆ ತೋಳು ಹಾಕಿದರು. ಭುಜದವರೆಗೆ ಹಾಕಿದರು. ಕೆನ್ನೆ ಮೂಟೆಗೆ ಒತ್ತಿತು. ಕಣ್ಣು ಮುಚ್ಚಿಕೊಂಡು ಒಂದು ಮೂಟೆಯಿಂದ ಇನ್ನೊಂದಕ್ಕೆ ಸರಿದರು. ಮಾಣಿಕ್ಕಂನ ಕರ್ಚೀಫು ಮುಖದ ಅರ್ಧದಲ್ಲೇ ನಿಂತಿತ್ತು. ಇಲ್ಲಿ ನಾನು ಏನೂ ಎಳೆದಿಲ್ಲ.

ಅವರು ಎದ್ದು ನಿಂತಾಗ ತೋಳಿನ ತುಂಬ ಧೂಳು. ಒಣ ಧೂಳು. ಊದಿದರೆ ಹಾರಿತು.

"ಮಳೆ ಬಂದಿದ್ರೆ ಈ ಧೂಳು ಕೆಸರಾಗಿರ್ತಿತ್ತು, ಮಿಸ್ಟರ್ ಮಾಣಿಕ್ಕಂ," ಅಂದರು. ಅಲ್ಲೇ ಒಂದು ಮೂಟೆಯ ಮೇಲೆ ಕಾಗದವಿಟ್ಟು ಬರೆದರು. ಡ್ಯಾಂಪ್. ಕೆಳಗೆ ಇನ್ನೊಂದು ಸಾಲು, ಬಿಸಿ ಆರುವ ಮುನ್ನ ಟಾರ್ಪಾಲು ಹೊದಿಸಿದ್ದರಿಂದ ಅಂತ. "ಹರಡಿ ಗಾಳಿಗೆ ಹಾಕಿಸಿ, ಗೋಧಿ ಉಳಿಯತ್ತೆ. ಮುಗಿದುಹೋಗಿರೋದು ಏನೂ ಇಲ್ಲ."

ಮಾಣಿಕ್ಕಂ ಕಾಗದ ಓದಿ, ಮಡಿಸಿ, ಮುನುಸ್ವಾಮಿಯನ್ನು ನೋಡದೆ, "ಆಳುಗಳನ್ನ ಕರಿ. ಮೂಟೆ ಇಳಿಸಬೇಕು," ಅಂದ. ಅಷ್ಟೇ. ಕೆಲಸ ಉಳಿಯಿತು ಅಂತ ಹೇಳುವುದಕ್ಕೆ ಅಂಥವರ ಭಾಷೆಯಲ್ಲಿ ಅದಕ್ಕಿಂತ ಒಳ್ಳೆಯ ಮಾತಿಲ್ಲ.

ಮುನುಸ್ವಾಮಿ ಹೊರಗೆ ಬಂದು ಹೆಂಡತಿಗೆ ಏನೋ ಹೇಳಿದ. ಅವಳು ಹಗ್ಗ ಬಿಟ್ಟು ಟ್ರಂಕಿನ ಮೇಲೇ ಕೂತುಬಿಟ್ಟಳು. ಅವನು ರಾಯರ ಮುಂದೆ ಕೈಮುಗಿದು ನಿಂತ. ಏನಾದರೂ ಕೊಡಬೇಕು ಅಂತ ಅವನಿಗೆ. ಎಳನೀರು ಅಂದ, ಮಜ್ಜಿಗೆ ಅಂದ. ಇವರಿಗೆ ಇವತ್ತು ನೀರೂ ಇಲ್ಲ, ನಾಳೆ ಬಂದರೂ ಹೊರಗೆ ಕುಡಿಯುವುದಿಲ್ಲ ಅಂತ ನಾನು ತಮಿಳಿನಲ್ಲಿ ವಿವರಿಸಿದೆ. ಪಾಪ, ಅವನ ಕೈ ಹಾಗೇ ನಿಂತಿತು.

ರಾಯರು ಸುತ್ತ ನೋಡಿ, "ಬಾವಿ ಎಲ್ಲಿ?" ಅಂದರು.

ಬಾವಿ ಅವನ ಕೋಣೆಯ ಪಕ್ಕದಲ್ಲೇ ಇತ್ತು. ರಾಯರು ಅಲ್ಲಿಗೆ ಹೋಗಿ ಕಲ್ಲಿನ ಮೇಲೆ ಕೂತರು. ತಾವೇ ಸೇದಿಕೊಳ್ಳುತ್ತಾರೆ ಅಂತ ನಾನು ಹಗ್ಗದ ಕಡೆ ನೋಡಿದೆ. ರಾಯರು ಬೇರೆಯವರು ಸೇದಿದ ನೀರಿನಲ್ಲಿ ಕೈ ತೊಳೆದದ್ದನ್ನೂ ನಾನು ಕಂಡಿಲ್ಲ. ಅವರು ಹಗ್ಗದ ಕಡೆ ನೋಡಲಿಲ್ಲ. ಮುನುಸ್ವಾಮಿಯ ಕಡೆ ನೋಡಿದರು.

"ಊತ್ತಪ್ಪಾ," ಅಂದರು. ಹುಯ್ಯಪ್ಪಾ ಅಂತ.

ಮುನುಸ್ವಾಮಿ ಒಂದು ಕ್ಷಣ ನಂಬಲಿಲ್ಲ. ಆಮೇಲೆ ಸೇದಿದ. ತಲೆಯ ಮೇಲೆ ಹುಯ್ದ. ಮತ್ತೆ ಸೇದಿದ, ಮತ್ತೆ ಹುಯ್ದ. ಧೂಳು ಹೋದ ಮೇಲೂ ಹುಯ್ದ. ರಾಯರು ಸಾಕು ಅನ್ನಲಿಲ್ಲ. ಮಕ್ಕಳು ಬಾಗಿಲಲ್ಲಿ ನಿಂತು ನೋಡಿದರು. ಹೆಂಡತಿ ಎದ್ದು, ಹೊರಗಿದ್ದ ಪಾತ್ರೆಗಳನ್ನು ಒಂದೊಂದಾಗಿ ಒಳಗೆ ತೆಗೆದುಕೊಂಡು ಹೋದಳು.

ಬಸ್ಸಿನಲ್ಲಿ ರಾಯರು ನಿಂತೇ ಬಂದರು. ಪಂಚೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಂಡಕ್ಟರ್ ಬಂದು, "ಏನ್ ಸಾರ್, ಮಳೇಲಿ ಸಿಕ್ಕಿಕೊಂಡ್ರಾ? ಡ್ಯಾಂಪಾಗಿದ್ದೀರಾ?" ಅಂತ ತಮಿಳಿನಲ್ಲಿ ಕೇಳಿದ.

ರಾಯರು ನನ್ನ ಕಡೆ ತಿರುಗಿ, "ಪದ ನೀನು ಹೇಳು," ಅಂದರು.

ನಾನು ಪಂಚೆಯ ತುದಿ ನೋಡಿ, "ವೆಟ್," ಅಂದೆ.

ಆಗ ಅವರು ನಕ್ಕರು. ನೋಡಿದ ನಾನು ಇನ್ನೂ ಬದುಕಿದ್ದೇನೆ. ಕಾಫಿ ಕ್ಲಬ್ಬಿನವರು ತಿದ್ದಿಕೊಳ್ಳಲಿ.

ಅಂದಿನಿಂದ ಗೋಡೌನಿನವರು ಕೋಸಂಬರಿ ಅಂತ ಕರೆಯುವುದು ನಿಲ್ಲಿಸಲಿಲ್ಲ, ಆದರೆ ಪದವನ್ನೂ ನನ್ನನ್ನೇ ಕೇಳುತ್ತಿದ್ದರು. ರಾಯರೇ ಅಪ್ಪನ ಹತ್ತಿರ ಮಾತಾಡಿ ನನ್ನನ್ನು ಕಾಲೇಜಿಗೆ ಸೇರಿಸಿದರು, ಕೆಮಿಸ್ಟ್ರಿಗೆ. "ಬಾಟಲಿಯಲ್ಲಿ ಏನಿದೆ ಅಂತ ತಿಳಿದು ಬಾ. ಕುರ್ಚಿ ಇನ್ನೊಂದು ಮಾಡಿಸ್ತೀನಿ," ಅಂದಿದ್ದಾರೆ. ಹೀಗೆ ನಿವೃತ್ತಿಯಾದೆ. ಅಜ್ಜಿಗೆ ಇನ್ನೂ ನಾನು ಕಾಫಿ ಕಂಪನಿ ಬಿಟ್ಟೆ ಅಂತಲೇ ದುಃಖ.

ಗೋಪಿ, ನಾಲಿಗೆ ಮನೆಯಲ್ಲಿಟ್ಟು ಹೋಗು, ಈಗ ಅದಕ್ಕೆ ಕೆಲಸವಿಲ್ಲ. ಕೈ ಮಾತ್ರ ತೆಗೆದುಕೊಂಡು ಹೋಗು, ಅಡಿಯ ಮೂಟೆಯವರೆಗೆ ಹೋಗುವಷ್ಟು ಉದ್ದ ಇರಲಿ. ತಿರುವೊಟ್ಟಿಯೂರಿಗೆ ಕಳಿಸಿದರೆ ಗೋಡೌನಿನ ಹಿಂದಿನ ಕೋಣೆಗೆ ಹೋಗಿ ರಾಯರ ಆಫೀಸಿನವನು ಅಂತ ಹೇಳು. ಮುನುಸ್ವಾಮಿ ಅಲ್ಲೇ ಇದ್ದಾನೆ, ಕೈ ತೊಳೆಯಲು ತಾನೇ ನೀರು ಸೇದಿ ಹುಯ್ಯುತ್ತಾನೆ. ಬೇಡ ಅನ್ನಬೇಡ. ಕುಡಿಯಬೇಡ, ಆ ಬಾವಿಯ ನೀರು ಸ್ವಲ್ಪ ಉಪ್ಪು. ಅದಕ್ಕೆ ಬಾಟಲಿ ಬೇಕಿಲ್ಲ. ಅಂದು ಒಂದು ಹನಿ ನನ್ನ ತುಟಿಗೂ ಸಿಡಿದಿತ್ತು.